ಮೊಟ್ಟೆಗೆ ದೀಪ ಹಿಡಿಯುವ ಅತ್ತೆ

ನನ್ನ ಅತ್ತೆಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ‘ಕತ್ತಲಲ್ಲಿ ಕೂರುವುದು’ ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ಅಳಿಯನಿಗೆ ಅತ್ತೆಯ ಮೇಲೆ ಏನೋ ಸಿಟ್ಟಿದೆ ಅಂದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಸಿಟ್ಟು ಇದ್ದದ್ದೂ ನಿಜ. ಆದರೆ ಈ ಮಾತು ಸಿಟ್ಟಿನದಲ್ಲ. ಊರ ಹೊರಗಿನ ಲಸಿಕೆ ಕಾರ್ಖಾನೆಯ ಒಂದು ಕತ್ತಲೆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು, ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಜೀವ ಇದೆಯೋ ಇಲ್ಲವೋ ನೋಡಿ ಹೇಳುವುದೇ ಅವರ ಕೆಲಸ. ತಮ್ಮ ಮದುವೆಗೆ ಮುಂಚೆ ಸೇರಿದವರು, ಇವತ್ತಿಗೂ ಅಲ್ಲೇ ಇದ್ದಾರೆ.

ಲಸಿಕೆಗೂ ಮೊಟ್ಟೆಗೂ ಏನು ಸಂಬಂಧ ಎಂದು ನನಗೂ ಮೊದಲು ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಅತ್ತೆ ಹೇಳಿ ಹೇಳಿ ತಲೆಗೆ ತುಂಬಿದ್ದಾರೆ. ಫ್ಲೂ ಜ್ವರದ ವೈರಸ್ಸಿಗೆ ಒಂಟಿಯಾಗಿ ಬೆಳೆಯಲು ಬರುವುದಿಲ್ಲ, ಯಾವುದಾದರೂ ಜೀವದ ಒಳಗೆ ಹೊಗಬೇಕು. ಅದಕ್ಕೇ ಕಾವಿಗೆ ಇಟ್ಟ ಮೊಟ್ಟೆ. ಅದರೊಳಗೆ ಬೆಳೆಸಿ, ರಸ ತೆಗೆದು, ವೈರಸ್ಸನ್ನು ಕೊಂದು, ಚೂರು ಮಾಡಿ, ಸೋಸಿ, ಶೀಶೆಗೆ ತುಂಬುತ್ತಾರೆ. ಆ ಸತ್ತ ಚೂರುಗಳನ್ನು ತೋಳಿಗೆ ಚುಚ್ಚಿದರೆ ಮೈ ಅವುಗಳ ಗುರುತು ಇಟ್ಟುಕೊಳ್ಳುತ್ತದೆ. ನಾಳೆ ಜೀವಂತವಾದದ್ದೇ ಬಂದು ಬಾಗಿಲು ತಟ್ಟಿದರೆ ‘ಓಹೋ, ನೀನೇನಾ’ ಎಂದು ಮೊದಲೇ ಸೊಂಟ ಕಟ್ಟಿ ನಿಲ್ಲುತ್ತದೆ. ಆದರೆ ಫ್ಲೂ ಮಹಾ ಖಿಲಾಡಿ, ವರ್ಷವರ್ಷವೂ ವೇಷ ಬದಲಿಸುತ್ತದೆ. ಹಾಗಾಗಿ ಲಸಿಕೆಯೂ ವರ್ಷವರ್ಷ ಹೊಸದು, ಅತ್ತೆಗೆ ಕೆಲಸ ತಪ್ಪಿದ್ದಿಲ್ಲ.

ಕಾರ್ಖಾನೆಯವರು ಒಮ್ಮೆ ಮನೆಯವರನ್ನೆಲ್ಲ ಕರೆದು ಕೆಲಸ ತೋರಿಸಿದ್ದರು. ಒಳಗೆ ಬಿಡಲಿಲ್ಲ, ಗಾಜಿನ ಆಚೆಯಿಂದ ನೋಡಿದೆ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕತ್ತಲಲ್ಲಿ ಒಂದು ಮೊಟ್ಟೆ ಕೆಂಪಗೆ ಹೊತ್ತಿಕೊಂಡಿತು. ಅದರೊಳಗೆ ಎಳೆಎಳೆಯಾಗಿ ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಬೆಳಕು ತಾಗಿದ್ದಕ್ಕೋ ಏನೋ ಚುಕ್ಕೆ ಬೆಚ್ಚಿ ಪಕ್ಕಕ್ಕೆ ಸರಿಯಿತು. ಮೊಟ್ಟೆಯ ಹಿಂದೆ ಅತ್ತೆಯ ಮುಖವೂ ಕೆಂಪಗೆ ಕಂಡು ಆರಿಹೋಯಿತು. ಮತ್ತೊಂದು ಮೊಟ್ಟೆ, ಮತ್ತೆ ಮುಖ, ಮತ್ತೆ ಕತ್ತಲು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹೆಂಡತಿ ತೋಳು ಹಿಡಿದು ಎಳೆದಾಗ ನಿದ್ದೆಯಿಂದ ಎದ್ದ ಹಾಗಾಯಿತು.

ಆ ಕೋಣೆಯಲ್ಲಿ ನಡೆಯುವ ಮಾತು ಮೂರೇ. ಜೀವ ಚುರುಕಾಗಿದ್ದರೆ ‘ಇದೆ’ ಎಂದು ಪೆನ್ಸಿಲಿನಿಂದ ಚಿಪ್ಪಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಬರಿದಾಗಿದ್ದರೆ ‘ಇಲ್ಲ’. ನರಗಳು ಮಸುಕಾಗಿ, ಚುಕ್ಕೆ ಸೋತು ತೇಲುತ್ತಿದ್ದರೆ ‘ನಿಲ್ಲಲ್ಲ’. ಎದುರಿಗೆ ಕೂತ ಜೊತೆಗಾತಿ ಆ ಮಾತು ಕೇಳಿಕೊಂಡು ಮೊಟ್ಟೆಯನ್ನು ಅದರದರ ತಟ್ಟೆಗೆ ಸೇರಿಸುತ್ತಾಳೆ. ಮನೆಗೆ ಬಂದರೂ ಅತ್ತೆಯ ನಾಲಿಗೆಗೆ ಅದೇ ಚಾಳಿ. ಹಾಲಿನ ಪಾತ್ರೆ ಬಗ್ಗಿಸಿ ನೋಡಿ ‘ಇದೆ’. ಬೀದಿಯ ಮೂಲೆಯಲ್ಲಿ ಯಾರಾದರೂ ಹೊಸ ಅಂಗಡಿ ತೆರೆದರೆ ದೂರದಿಂದಲೇ ಒಂದು ನೋಟ ಹಾಯಿಸಿ ‘ನಿಲ್ಲಲ್ಲ’. ಪಾಪ, ಅಂಗಡಿಯವನ ಗ್ರಹಚಾರಕ್ಕೆ ಅದು ನಿಲ್ಲುತ್ತಲೂ ಇರಲಿಲ್ಲ.

ನನ್ನದು ಕನ್ನಡಕದ ಅಂಗಡಿ. ಕಣ್ಣುರಿ ಎಂದು ಅತ್ತೆ ಅಂಗಡಿಗೆ ಬಂದಾಗ ಜೊತೆಗೆ ಮಗಳೂ ಬಂದಿದ್ದಳು. ಅತ್ತೆಯ ಕಣ್ಣು ಸರಿಹೋಯಿತು, ನನ್ನದು ಕೆಟ್ಟಿತು. ಮದುವೆಯ ಮಾತಿಗೆ ಅವರ ಮನೆಗೆ ಹೋದ ದಿನ ಅತ್ತೆ ನನ್ನನ್ನು ಟ್ಯೂಬ್‌ಲೈಟಿನ ಕೆಳಗೇ ಕೂರಿಸಿ, ಒಂದು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಕೊನೆಗೆ ಮಗಳ ಕಡೆ ತಿರುಗಿ ‘ಇದೆ’ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಅವತ್ತು ಮಾತ್ರ ಏನಿದೆ, ಎಲ್ಲಿದೆ ಎಂದು ತಿಳಿಯದೆ ಬೆವರಿದ್ದೆ.

ಕಾರ್ಖಾನೆಯದೊಂದು ಕಟ್ಟಳೆ. ಅಲ್ಲಿ ಕೆಲಸ ಮಾಡುವವರ ಮನೆಯಲ್ಲಿ ರೆಕ್ಕೆಯಿರುವ ಯಾವುದನ್ನೂ ಸಾಕಕೂಡದು. ಹಕ್ಕಿಯ ಕಾಯಿಲೆ ಬಟ್ಟೆಗೋ ಚಪ್ಪಲಿಗೋ ಅಂಟಿಕೊಂಡು ಮೊಟ್ಟೆಯ ಕೋಣೆ ಸೇರಿದರೆ ಆ ವರ್ಷದ ಕೆಲಸವೆಲ್ಲ ಮಣ್ಣುಪಾಲು. ಮಾವ ಮದುವೆಗೆ ಮುಂಚೆ ಪಾರಿವಾಳ ಸಾಕಿದ್ದರಂತೆ. ಅವನ್ನೆಲ್ಲ ತಮ್ಮನಿಗೆ ಕೊಟ್ಟು ಅತ್ತೆಯನ್ನು ಮನೆಗೆ ತಂದುಕೊಂಡರು. ನನ್ನ ಹೆಂಡತಿ ಚಿಕ್ಕವಳಿದ್ದಾಗ ಗಿಳಿ ಬೇಕೆಂದು ಅತ್ತೂ ಅತ್ತೂ, ಕೊನೆಗೆ ಗೋಡೆಯ ಮೇಲೊಂದು ಗಿಳಿ ಬರೆದುಕೊಂಡು ಸುಮ್ಮನಾದಳು. ಮನೆಯಲ್ಲಿ ಯಾರಿಗೆ ಕೆಮ್ಮು ಶುರುವಾದರೂ ಅತ್ತೆ ಕೆಲಸಕ್ಕೆ ಹೊರಡುವ ಮೊದಲು ಫೋನು ಮಾಡಿ ತಿಳಿಸಬೇಕು. ಸೋಂಕು ಕೈಯಿಂದ ಕೈಗೆ, ಉಸಿರಿನಿಂದ ಉಸಿರಿಗೆ ದಾಟುವುದು ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಬಂದರು. ಸಂಜೆ ಕಾರ್ಖಾನೆಯ ಬಸ್ಸು ಅವರನ್ನು ನನ್ನ ಅಂಗಡಿಯ ಮುಂದೆ ಇಳಿಸುತ್ತದೆ. ಬಾಗಿಲು ಹಾಕಿ ಇಬ್ಬರೂ ಮನೆಗೆ ನಡೆಯುತ್ತೇವೆ. ಇಡೀ ದಿನ ಕತ್ತಲಲ್ಲಿದ್ದ ಕಣ್ಣಿಗೆ ಬೀದಿ ಬೇರೆಯೇ ಥರ ಕಾಣುತ್ತದೇನೋ, ಅವರಿಗೆ ಎಲ್ಲದರ ಹಿಂದೆಯೂ ಒಂದು ದೀಪವೇ. ಇಳಿಬಿಸಿಲಿಗೆ ಎಲೆ ಹಿಡಿದು ನೋಡುತ್ತಾರೆ. ಎದುರಿಗೆ ಬರುವ ಮಕ್ಕಳ ಕಿವಿ ಬಿಸಿಲಿಗೆ ಕೆಂಪಗಾದರೆ ನಿಂತುಬಿಡುತ್ತಾರೆ. ಮನೆಮನೆಗಳಲ್ಲಿ ದೀಪ ಹತ್ತಿ, ಪರದೆಗಳ ಮೇಲೆ ನೆರಳು ಆಡತೊಡಗಿದರಂತೂ ಒಂದೊಂದು ಕಿಟಕಿಯ ಮುಂದೂ ನಡಿಗೆ ನಿಧಾನವಾಗುತ್ತದೆ.

‘ಅಲ್ನೋಡಿ ಅಳಿಯಂದಿರೇ, ಒಳಗೆ ಅಲ್ಲಾಡ್ತಿದೆ,’ ಎನ್ನುತ್ತಾರೆ.

‘ಕಂಡವರ ಕಿಟಕಿ ನೋಡ್ತಾ ನಿಂತ್ರೆ ನಮ್ಮಿಬ್ಬರ ಹಲ್ಲೂ ಅಲ್ಲಾಡುತ್ತೆ, ಬನ್ನಿ,’ ಎನ್ನುತ್ತೇನೆ ನಾನು.

ಅವರಿಗೆ ಆಗಾಗ ಒಂದೇ ಕನಸು ಬೀಳುತ್ತದಂತೆ. ತಾವೇ ಒಂದು ಮೊಟ್ಟೆಯ ಒಳಗೆ ಮುದುರಿ ಮಲಗಿದ್ದಾರೆ. ಸುತ್ತ ಬೆಚ್ಚಗೆ, ನೀರಿನಲ್ಲಿದ್ದ ಹಾಗೆ. ಇದ್ದಕ್ಕಿದ್ದಂತೆ ಗೋಡೆಯೆಲ್ಲ ಕೆಂಪಾಗುತ್ತದೆ, ಹೊರಗೆ ಯಾರೋ ದೀಪ ಹಿಡಿದಿದ್ದಾರೆ. ‘ಏನಂದ್ರು ಅವರು?’ ಎಂದು ಕೇಳಿದೆ. ‘ಹೇಳೋಷ್ಟರಲ್ಲಿ ಎಚ್ಚರ ಆಗ್ಬಿಡುತ್ತೆ,’ ಎಂದರು.

ನಮ್ಮ ಮಗು ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿತು. ಹೆಣ್ಣುಮಗು. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿ ಕಾವು ಕೊಟ್ಟು ಮಲಗಿಸಿದರು. ಎದೆ ನನ್ನ ಅಂಗೈಗಿಂತ ಚಿಕ್ಕದು, ಚರ್ಮ ಎಷ್ಟು ತೆಳುವೆಂದರೆ ಒಳಗಿನ ನೀಲಿ ನರಗಳೆಲ್ಲ ಕಾಣುತ್ತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮದು ಹೆಗ್ಗಣದಷ್ಟೂ ಇರಲಿಲ್ಲ. ಆದರೂ ಹೆಂಡತಿ ಗಾಲಿಕುರ್ಚಿಯಲ್ಲಿ, ನಾನು ಅವಳ ಹಿಂದೆ, ಗಾಜಿನಿಂದ ಕಣ್ಣು ಕೀಳದೆ ನೋಡುತ್ತಿದ್ದೆವು.

ಸುದ್ದಿ ತಿಳಿದು ಅತ್ತೆ ಕೆಲಸದಿಂದ ನೇರ ಓಡಿ ಬಂದರು. ಪೆಟ್ಟಿಗೆಯ ಒಳಗಿನ ದೀಪ ಮಗುವಿನ ಮೇಲೆ ಬಿದ್ದಿತ್ತು. ಅತ್ತೆ ಬಗ್ಗಿ, ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಅವರ ಮುಖ ನೋಡಿದರೆ ಅವರು ಆಸ್ಪತ್ರೆಯಲ್ಲಿ ಅಲ್ಲ, ಆ ಕತ್ತಲೆ ಕೋಣೆಯಲ್ಲಿ ಇದ್ದ ಹಾಗಿತ್ತು.

‘ನಿಲ್ಲಲ್ಲ,’ ಎಂದರು.

ಮೆಲ್ಲಗೇ ಅಂದರು, ಎದುರಿಗೆ ಜೊತೆಗಾತಿ ಕೂತಿದ್ದಾಳೇನೋ ಎನ್ನುವ ಹಾಗೆ. ಅಂದ ಮರುಕ್ಷಣ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

‘ಅಯ್ಯೋ, ಅದು ಬಾಯಿಗೆ ಬಂದಿದ್ದು ಕಣೆ, ಮನಸ್ಸಿಗೆ ಬಂದಿದ್ದಲ್ಲ. ಅಭ್ಯಾಸ ಕಣೆ...’

ಹೆಂಡತಿ ತಾಯಿಯ ಕಡೆ ತಿರುಗಲೂ ಇಲ್ಲ. ‘ರೀ, ಅಮ್ಮನ್ನ ಮನೆಗೆ ಕಳ್ಸಿ. ನನ್ನ ಮಗು ಹತ್ರ ಬರೋದು ಬೇಡ,’ ಎಂದಳು.

ನಾನು ಹೇಳಿದ ಸಿಟ್ಟು ಇದೇ. ಅವತ್ತು ಅತ್ತೆಯನ್ನು ಆಸ್ಪತ್ರೆಯ ಗೇಟಿನವರೆಗೆ ಬಿಟ್ಟುಬರುವಾಗ ಒಂದು ಮಾತೂ ಆಡಲಿಲ್ಲ. ಅವರು ಮೂರು ಮಾತಿನಲ್ಲಿ ಜಗತ್ತನ್ನೇ ತಟ್ಟೆಗೆ ಹಾಕುವವರು, ಅವರ ಮಾತು ಸುಳ್ಳಾದದ್ದು ನಾನು ಕಂಡಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಭಯವೇ ಆಗಿತ್ತು.

ಮಗು ದಿನ ದೂಡಿತು. ಆಮೇಲೆ ವಾರ ದೂಡಿತು. ಅತ್ತೆ ದಿನವೂ ಕೆಲಸ ಮುಗಿಸಿ ಬಂದು ಹೊರಗಿನ ಬೆಂಚಿನ ಮೇಲೆ ಫ್ಲಾಸ್ಕು ಹಿಡಿದು ಕೂರುತ್ತಿದ್ದರು. ಮಗಳು ಕಾಫಿ ಕುಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮೊದಮೊದಲು ನನ್ನ ಕೈಗೆ ಕೊಡುತ್ತಿದ್ದ ಖಾಲಿ ಲೋಟವನ್ನು ಕ್ರಮೇಣ ತಾಯಿಯ ಕೈಗೇ ಕೊಡತೊಡಗಿದಳು. ಅಷ್ಟಕ್ಕೇ ಅತ್ತೆಯ ಮುಖ ಅರಳುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ, ಮಗುವನ್ನು ಒಮ್ಮೆ ಎತ್ತಿಕೊಳ್ಳುವುದು. ಬಾಯಿಬಿಟ್ಟು ಕೇಳುವ ಧೈರ್ಯ ಅವರಿಗೆ ಇರಲಿಲ್ಲ.

ಮಗುವನ್ನು ಇನ್ನು ಪೆಟ್ಟಿಗೆಯಿಂದ ತೆಗೆದು ಕೈಗೆ ಕೊಡಬಹುದು ಎನ್ನುವ ಹೊತ್ತಿಗೆ ಊರಲ್ಲಿ ಫ್ಲೂ ಎದ್ದಿತ್ತು. ವಾರ್ಡಿನ ನರ್ಸು ಹೊರಗೆ ಬಂದು, ‘ಮಗೂನ ಮುಟ್ಟೋರೆಲ್ಲ ಈ ವರ್ಷದ ಫ್ಲೂ ಇಂಜೆಕ್ಷನ್ ಹಾಕಿಸ್ಕೊಂಡಿದೀರಾ?’ ಎಂದು ಕೇಳಿದರು.

‘ಮಗೂಗೇ ಹಾಕ್ಬಿಡಿ ಸಿಸ್ಟರ್,’ ಎಂದೆ.

‘ಆರು ತಿಂಗಳು ತುಂಬೋ ತನಕ ಹಾಕಲ್ಲ. ಅದರ ಮೈ ಇನ್ನೂ ಪಾಠ ಕಲಿಯೋಷ್ಟು ಬಲಿತಿಲ್ಲ. ತಾಯಿ ಕೊನೇ ತಿಂಗಳುಗಳಲ್ಲಿ ತನ್ನ ನಿರೋಧಕ ಶಕ್ತೀನ ಮಗೂಗೆ ಬುತ್ತಿ ಕಟ್ಟಿ ಕಳಿಸ್ತಾಳೆ. ನಿಮ್ಮ ಮಗಳು ಅರ್ಧ ಬುತ್ತೀಲೇ ಓಡಿ ಬಂದಿದಾಳೆ. ಹಾಗಾಗಿ ಸುತ್ತ ಇರೋ ನೀವೇ ಗೋಡೆ. ಇಂಜೆಕ್ಷನ್ ಹಾಕಿಸ್ಕೊಂಡ್ರೆ ಜ್ವರ ಬರೋದೇ ಇಲ್ಲ ಅಂತಲ್ಲ, ಬರೋದು ಕಮ್ಮಿ, ಬಂದ್ರೂ ಜೋರು ಕಮ್ಮಿ. ನಿಮಗೆ ಬರದಿದ್ರೆ ನಿಮ್ಮಿಂದ ಮಗೂಗೂ ದಾಟಲ್ಲ.’

ನಮ್ಮಿಬ್ಬರದೂ ಆಗಿತ್ತು. ಹೆಂಡತಿ ಬಸುರಿಯಿದ್ದಾಗಲೇ ಹಾಕಿಸಿಕೊಂಡಿದ್ದಳು. ಅತ್ತೆಯೇ ವರ್ಷವರ್ಷ ಬೆನ್ನು ಹತ್ತಿ ನಮಗೆ ಹಾಕಿಸುತ್ತಿದ್ದದ್ದು. ಹೆಂಡತಿ ಬೆಂಚಿನ ಕಡೆ ನೋಡಿ, ಎಷ್ಟೋ ದಿನಗಳ ಮೇಲೆ ನಕ್ಕಳು. ‘ಅಮ್ಮನ್ನ ಕೇಳೋದೇ ಬೇಡ ಸಿಸ್ಟರ್. ಅದನ್ನ ಮಾಡೋರೇ ಅವರು.’

ಅದು ತಾಯಿಗೆ ಒಳಗೆ ಬಾ ಎಂದ ಹಾಗೆಯೇ. ಅತ್ತೆ ತಲೆಯಾಡಿಸಿದ್ದರೆ ಸಾಕಿತ್ತು, ಅವತ್ತೇ ಮಗು ಅವರ ಮಡಿಲಿಗೆ ಬರುತ್ತಿತ್ತು. ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಕೂತರು.

‘ನಾನು ಹಾಕಿಸ್ಕೊಂಡಿಲ್ಲ,’ ಎಂದರು.

‘ಈ ವರ್ಷ ಆಗಿಲ್ವಾ?’ ಎಂದರು ನರ್ಸು.

‘ಯಾವತ್ತೂ ಇಲ್ಲ.’

ವೈರಸ್ ಬೆಳೆಸುವ ಕಡೆ ಕೆಲಸ ಮಾಡುವವರಿಗೆ ಸೂಜಿ ಕಡ್ಡಾಯವಂತೆ. ಮೊಟ್ಟೆ ನೋಡುವ ಕೋಣೆಯಲ್ಲಿ ಕೇಳುತ್ತಾರೆ, ಒತ್ತಾಯ ಮಾಡುವುದಿಲ್ಲ. ಅತ್ತೆ ಪ್ರತಿ ಸಲವೂ ಆಮೇಲೆ ನೋಡೋಣ ಎಂದು ಜಾರಿಕೊಂಡಿದ್ದರು. ನಾವಾದರೋ ಕೇಳಿಯೇ ಇರಲಿಲ್ಲ, ಅನ್ನ ಬಡಿಸುವವರನ್ನು ಊಟ ಆಯಿತೇ ಎಂದು ಯಾರು ಕೇಳುತ್ತಾರೆ?

‘ದೀಪದ ಬುಡದಲ್ಲೇ ಕತ್ತಲು,’ ಎಂದಳು ಹೆಂಡತಿ. ನಗು ಎಲ್ಲೋ ಹೋಗಿತ್ತು. ‘ಊರಿಗೆಲ್ಲ ಬೇಕು, ನಮಗೆಲ್ಲ ಬೇಕು, ನಿನಗೆ ಮಾತ್ರ ಬೇಡ. ಯಾಕಮ್ಮ?’ ಉತ್ತರಕ್ಕೂ ಕಾಯದೆ ಅವಳು ಎದ್ದು ಒಳಗೆ ಹೋದಳು.

ನಾವಿಬ್ಬರೂ ಗಾಜಿನ ಈಚೆ ಉಳಿದೆವು. ಒಳಗೆ ನರ್ಸು ಮಗುವಿನ ರಕ್ತ ತೆಗೆಯಬೇಕಿತ್ತು, ನರ ಸಿಗುತ್ತಿರಲಿಲ್ಲ. ಅವರು ದೊಡ್ಡ ದೀಪ ಆರಿಸಿ, ಬೆರಳಷ್ಟು ಚಿಕ್ಕ ದೀಪವೊಂದನ್ನು ಮಗುವಿನ ಅಂಗೈ ಕೆಳಗೆ ಇಟ್ಟರು. ಆ ಪುಟ್ಟ ಕೈ ಇಡಿಯಾಗಿ ಕೆಂಪಗೆ ಹೊತ್ತಿಕೊಂಡಿತು. ನರಗಳು ಎಳೆಎಳೆಯಾಗಿ ಮೂಡಿದವು. ಮಗು ಬೆಚ್ಚಿ ಕೈ ಎಳೆದುಕೊಂಡಿತು. ಅತ್ತೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಆಮೇಲೂ ಬಹಳ ಹೊತ್ತು ನೋಯುತ್ತಿತ್ತು.

ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದೆ.

‘ಅವೂ ಹೀಗೇ ಬೆಚ್ಚುತ್ತವೆ ಅಳಿಯಂದಿರೇ,’ ಎಂದರು. ‘ಇದೆ ಅಂತ ಗೆರೆ ಎಳೆದ್ರೆ ಆ ಕಡೆ ಕೋಣೆಗೆ ಹೋಗ್ತವೆ. ಹೋದವು ಯಾವುವೂ ಮರಿಯಾಗಲ್ಲ. ಚೆನ್ನಾಗಿರೋದನ್ನೇ ಆರಿಸಿ ಆರಿಸಿ ಕಳಿಸೋಳು ನಾನು. ಜನಕ್ಕೆ ಬೇಕು, ಗೊತ್ತು. ಅದಕ್ಕೇ ಕಳಿಸ್ತೀನಿ. ಆದ್ರೆ ಅದನ್ನೇ ತಂದು ನನ್ನ ತೋಳಿಗೆ ಹಾಕ್ತೀವಿ ಅಂದ್ರೆ ಹೇಗೆ ಹಾಕಿಸ್ಕೊಳ್ಳಲಿ? ನಾನು ನೋಡಿದೀನಲ್ಲ ಅವನ್ನ.’

ನನ್ನ ಸಿಟ್ಟು ಎಲ್ಲಿ ಕರಗಿತೋ ಕಾಣೆ. ಇಷ್ಟು ವರ್ಷ ಜೊತೆಗೆ ನಡೆದವರು, ಈ ಭಾರ ಹೊತ್ತುಕೊಂಡೇ ನಡೆದಿದ್ದರು, ನಾನು ಕಿಟಕಿಯ ತಮಾಷೆ ಮಾಡಿಕೊಂಡು ಬಂದಿದ್ದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಬರುವುದು ಹಾಳು ಗಾದೆ ಒಂದೇ.

‘ಕಾಯಿಲೆ ಬರಬಾರದಾಗಿರೋದು ಮಗೂಗೆ, ಸೂಜಿ ಅಜ್ಜಿಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ್ರೆ ಇದೇ ನೋಡಿ,’ ಎಂದೆ.

ಅತ್ತೆ ದುರುಗುಟ್ಟಿ ನೋಡಿದರು. ‘ನನ್ನನ್ನ ಎಮ್ಮೆ ಅಂದ್ರಾ?’

‘ಗಾದೆ ಅಂದಿದ್ದು.’

ಅವರಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ‘ಈ ಬರೆ ಹಾಕಿಸ್ಕೋತೀನಿ. ಅವೆಲ್ಲಾ ಹೋಗಿದ್ದು ಇಂಥದೊಂದು ಉಳೀಲಿ ಅಂತಲೇ ಅಲ್ವಾ? ನಾನೇ ಬೇಡ ಅಂದ್ರೆ ಅವು ಹೋದದ್ದೂ ದಂಡ.’

ಮರುದಿನ ಕಾರ್ಖಾನೆಯ ಚಿಕಿತ್ಸಾ ಕೋಣೆಗೆ ಹೋಗಿ ರವಿಕೆಯ ತೋಳು ಮೇಲೆ ಸರಿಸಿದರಂತೆ. ಶೀಶೆ ನೋಡಿ, ‘ಇದು ಯಾವ ತಿಂಗಳಿಂದು?’ ಎಂದು ಕೇಳಿದರಂತೆ. ಯಾಕೆ ಎಂದು ಅಲ್ಲಿನವರು ಕೇಳಿದ್ದಕ್ಕೆ ಸುಮ್ಮನೆ ಎಂದರಂತೆ. ನನಗೆ ಮಾತ್ರ ಹೇಳಿದರು, ಆ ತಿಂಗಳು ಅವರು ಒಂದು ದಿನವೂ ರಜೆ ಹಾಕಿರಲಿಲ್ಲ.

ಮೈ ಪಾಠ ಕಲಿಯಲು ಎರಡು ವಾರವಾದರೂ ಬೇಕು ಎಂದಿದ್ದರು ನರ್ಸು. ಸೂಜಿಯ ಮರುದಿನ ಅತ್ತೆಗೆ ತೋಳು ನೋವು, ಸ್ವಲ್ಪ ಮೈಬಿಸಿ. ಅದು ಕಾಯಿಲೆಯಲ್ಲ, ಚೂರುಗಳಿಗೆ ಜ್ವರ ತರುವ ಶಕ್ತಿ ಇಲ್ಲ, ಮೈ ಎಚ್ಚೆತ್ತುಕೊಳ್ಳುವ ಬಿಸಿ ಅದು. ಮಧ್ಯಾಹ್ನ ಪರದೆ ಎಳೆದು ಮಲಗಿದ್ದವರ ಪಕ್ಕ ನೀರಿಡಲು ಹೋದರೆ, ಅರೆಗಣ್ಣಿನಲ್ಲಿ ಚಾವಣಿ ನೋಡುತ್ತಿದ್ದರು.

‘ಒಳಗೆ ಯಾರೋ ಸ್ಟೂಲ್ ಹಾಕ್ಕೊಂಡು ಕೂತಿದಾರೆ,’ ಎಂದರು. ‘ಒಂದೊಂದೇ ಎತ್ತಿ ನೋಡ್ತಿದಾರೆ. ಇದು ನಮ್ಮದು, ಇದು ನಮ್ಮದಲ್ಲ. ಪಾಪ, ಅವರಿಗೆ ದೀಪ ಇಲ್ಲ. ಮುಟ್ಟಿ ಮುಟ್ಟಿ ತಿಳ್ಕೋಬೇಕು.’

‘ನಿದ್ದೆ ಮಾಡಿ ಅತ್ತೆ.’

‘ಅವರು ಕೆಲಸ ಮಾಡ್ತಿರೋವಾಗ ನಾನು ಹೇಗೆ ನಿದ್ದೆ ಮಾಡ್ಲಿ?’ ಎಂದವರು ಅಷ್ಟರಲ್ಲೇ ನಿದ್ದೆಹೋಗಿದ್ದರು. ಪರದೆಯ ಸಂದಿನಿಂದ ಬಿಸಿಲಿನ ಗೆರೆಯೊಂದು ಅವರ ಕೈಮೇಲೆ ಬಿದ್ದಿತ್ತು, ಉಸಿರಿನ ಜೊತೆ ಏಳುತ್ತ ಇಳಿಯುತ್ತ ಇತ್ತು.

ಆ ಎರಡು ವಾರ ಅವರು ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಬೆಂಚಿನವರೆಗೆ ಬರಬಹುದು ಎಂದರೂ ಕೇಳಲಿಲ್ಲ. ಸಂಜೆ ಎದುರಿನ ಫುಟ್‌ಪಾತಿನಲ್ಲಿ ನಿಂತು ಮೇಲಿನ ಕಿಟಕಿಗಳನ್ನು ನೋಡುತ್ತಿದ್ದರು. ದೀಪ ಹತ್ತಿದ ಕಿಟಕಿಗಳಲ್ಲಿ ನೆರಳುಗಳು ಬಾಗುತ್ತಿದ್ದವು, ಏಳುತ್ತಿದ್ದವು, ಬಸ್ಸುಗಳು ಅವರ ಮುಂದೆ ತೇಲಿಕೊಂಡು ಹೋಗುತ್ತಿದ್ದವು. ಅಲ್ಲಾಡ್ತಿದೆ ಎಂದು ಅವರು ಹೇಳಲಿಲ್ಲ, ಬನ್ನಿ ಎಂದು ನಾನೂ ಅವಸರ ಮಾಡಲಿಲ್ಲ. ಅತ್ತೆ ಸೂಜಿ ಹಾಕಿಸಿಕೊಂಡದ್ದನ್ನೂ ಕ್ಯಾಂಟೀನಿನ ಮಾತನ್ನೂ ಹೆಂಡತಿಗೆ ಹೇಳಿದ್ದೆ. ಅವಳು ಒಂದು ದಿನ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು ಕೆಳಗೆ ನೋಡುತ್ತ ನಿಂತಳು.

ಎರಡು ವಾರ ತುಂಬಿದ ಬೆಳಗ್ಗೆ ಅವಳೇ ನನಗೆ ಫೋನು ಮಾಡಿದಳು. ‘ಅಮ್ಮನ್ನ ಕರ್ಕೊಂಡು ಬನ್ನಿ. ಎತ್ತಿ ಎತ್ತಿ ನನ್ನ ಕೈ ನೋಯ್ತಿದೆ.’ ಬೆಕ್ಕಿನ ಮರಿಯಷ್ಟಿರುವ ಮಗುವನ್ನು ಎತ್ತಿ ಯಾರ ಕೈ ನೋಯುತ್ತದೆ? ನಾನು ಕೇಳಲಿಲ್ಲ.

ಅತ್ತೆ ಕಾರ್ಖಾನೆಯಲ್ಲಿ ತೊಳೆಯುವ ಹಾಗೆ ಮೊಣಕೈವರೆಗೆ ಸೋಪು ಹಚ್ಚಿ, ಬೆರಳುಸಂದಿ ಬಿಡದೆ ಕೈ ತೊಳೆದರು. ಹಿಂದೆ ನಿಂತವರು ಗೊಣಗಿದರು. ಅವರು ಬೇಕೆಂದೇ ಇನ್ನೊಮ್ಮೆ ತೊಳೆದರು. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ಕೈ ಚಾಚಿದರು. ಹೆಂಡತಿ ಮಗುವನ್ನು ಅವರ ತೋಳಿನಲ್ಲಿ ಇಟ್ಟಳು. ಕಿಟಕಿಯಿಂದ ಬೆಳಗಿನ ಬಿಸಿಲು ಒಳಗೆ ಸುರಿಯುತ್ತಿತ್ತು.

ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

‘ನೋಡಮ್ಮ,’ ಎಂದಳು ಹೆಂಡತಿ.

‘ನೋಡಲ್ಲ. ನೋಡಿದ್ರೆ ಏನಾದ್ರೂ ಹೇಳ್ಬಿಡ್ತೀನಿ.’

ಹೆಂಡತಿ ತಾಯಿಯ ಮುಚ್ಚಿದ ಕಣ್ಣನ್ನೇ ನೋಡಿದಳು. ‘ಸರಿ, ನೋಡ್ಬೇಡ. ಹಿಡ್ಕೊಂಡಿರು,’ ಎಂದಳು.

ಆಮೇಲೆ ಪಕ್ಕದ ಮಂಚದ ಮೇಲೆ ಕಾಲು ಚಾಚಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಗು ಹುಟ್ಟಿದಾಗಿನಿಂದ ಅದರ ಮೇಲಿನ ಕಣ್ಣನ್ನು ಅವಳು ಒಂದು ಗಳಿಗೆಯೂ ತೆಗೆದಿರಲಿಲ್ಲ, ನಾನು ಹಿಡಿದುಕೊಂಡಾಗಲೂ ಎದುರಿಗೇ ಕಾವಲು ನಿಲ್ಲುತ್ತಿದ್ದಳು. ನಾನು ಹೊದಿಕೆ ಎಳೆಯಲು ಬಗ್ಗಿದಾಗ ಅವಳಿಗೆ ಗಾಢ ನಿದ್ದೆ ಬಂದುಬಿಟ್ಟಿತ್ತು.